ಸಕ್ಕರೆ ರೋಗಿಯು ತನ್ನ ಲೆಕ್ಕವನ್ನು ಮರೆಮಾಡಬಹುದೋ?



ಒಬ್ಬ ರೋಗಿಯು ತನ್ನ ರೋಗದ ಲೆಕ್ಕವನ್ನು ವೈದ್ಯನಿಗೆ ತಪ್ಪಾಗಿ ತೋರಿಸಿದರೆ ಅದು ಪಾಪವೋ, ಇಲ್ಲವೆ ಬರೀ ಬುದ್ಧಿಹೀನತೆಯೋ? ಸುಳ್ಳು ಹೇಳಬಾರದೆಂಬದನ್ನು ನಮ್ಮ ಆದಿತ್ಯವಾರದ ಶಾಲೆಯ ಮಕ್ಕಳು ಸಹ ಬಲ್ಲರು. ಆದರೆ ಈ ಸುಳ್ಳಿನಿಂದ ನೆರೆಯವನ ಹಣವು ಹೋಗುವದಿಲ್ಲ, ಮಾನವೂ ಹೋಗುವದಿಲ್ಲ. ಹೇಳಿದವನ ಶರೀರಕ್ಕೆ ಮಾತ್ರ ನಷ್ಟ. ಆದಕಾರಣ ಇದು ದೊಡ್ಡ ಸಂಗತಿಯಲ್ಲವೆಂದು ಅನೇಕರು ನೆನಸುತ್ತಾರೆ. ನಾನೂ ಹಾಗೆಯೇ ನೆನಸಿದ್ದೆನು. ಆ ನೆನಸಿಕೆ ಹೇಗೆ ಮುರಿದು ಬಿತ್ತೆಂಬದನ್ನು ಮರೆಮಾಡದೆ ಹೇಳುವದು ಓದುವವರಿಗೆ ಪ್ರಯೋಜನಕರವೆಂದು ತೋರುವದರಿಂದ ಇದನ್ನು ಬರೆಯುತ್ತೇನೆ.

ನಾನು ಕಾಪುವಿನ ಕಡಲತೀರದಿಂದ ಶಿರ್ವ, ಬೆಳ್ಮಣ್ಣು ಮಾರ್ಗವಾಗಿ ಕಾರ್ಕಳದ ವರೆಗೆ ಚದರಿರುವ ಮನೆಗಳನ್ನು ಸಂದರ್ಶಿಸುವ ಉಪದೇಶಿ. ಪ್ರಾಯ ನಾಲ್ವತ್ತು. ಆರು ವರುಷಗಳಿಂದ ನನಗೆ ಮಧುಮೇಹ, ಅಂದರೆ ಜನರು ಸಕ್ಕರೆ ಕಾಯಿಲೆ ಎನ್ನುವ ರೋಗವುಂಟು. ಎರಡು ವರುಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ನನ್ನನ್ನು ನೋಡುತ್ತಿದ್ದ ವೈದ್ಯರು, ಬೆರಳಿನ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು ಯಂತ್ರದಲ್ಲಿ ನೋಡಿದ ಅಂಕೆಗಳನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ಅಪ್ಪಣೆ ಕೊಟ್ಟಿದ್ದರು. ಒಂದು ದಿನ ಬೆಳಿಗ್ಗೆ 110 ಇರುವದು. ಮರುದಿನ ಅದೇ ಊಟ, ಅದೇ ಮದ್ದು ಇದ್ದರೂ 260. ಮತ್ತೊಂದು ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಕೈಕಾಲು ನಡುಗಿ, ಬೆವರು ಸುರಿದು, 58. ಈ ಅಂಕೆಗಳನ್ನು ನೋಡಿ ನನಗೆ ನಾಚಿಕೆಯಾಯಿತು. ಮನೆಮನೆಗೆ ಹೋಗಿ ಮಿತಭೋಜನವನ್ನು ಬೋಧಿಸುವವನ ಪುಸ್ತಕದಲ್ಲಿ 260 ಎಂದಿದ್ದರೆ ವೈದ್ಯರು ಏನೆಂದುಕೊಂಡಾರು? ಆದದರಿಂದ 260 ಇದ್ದಲ್ಲಿ 140 ಎಂದು ಬರೆದೆನು. 58 ಇದ್ದ ದಿನ ಏನೂ ಬರೆಯಲಿಲ್ಲ. ಅದನ್ನು ಬರೆದರೆ, ಒಬ್ಬನೇ ಹಳ್ಳಿ ತಿರುಗಬೇಡವೆಂದು ಹೇಳಿಯಾರೆಂಬ ಭಯವಿತ್ತು.

ಕೆಲವು ಕಾಲದ ಮೇಲೆ ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯನ್ನು ಮಾಡಿಸಿದಾಗ ಅದು ಹೆಚ್ಚಾಗಿಯೇ ಬಂತು. ಪುಸ್ತಕದಲ್ಲಿ ತಗ್ಗಿದ ಅಂಕೆ ಒಂದೂ ಕಾಣದ್ದರಿಂದ ವೈದ್ಯರು ರಾತ್ರಿಯ ಇನ್ಸುಲಿನಿನ ಅಳತೆಯನ್ನು ಸ್ವಲ್ಪ ಹೆಚ್ಚಿಸಿದರು. ನಾನು ಕೊಟ್ಟ ಸಾಕ್ಷಿಯ ಪ್ರಕಾರ ಅವರು ಮಾಡಿದ್ದು ಸರಿಯೇ. ನಾಲ್ಕನೆಯ ರಾತ್ರಿ ಮೂರು ಗಂಟೆಯ ಹೊತ್ತಿಗೆ ನನ್ನ ಹೆಂಡತಿ ಎಚ್ಚತ್ತು, ನನ್ನ ಹೊದಿಕೆಯೆಲ್ಲಾ ಬೆವರಿನಿಂದ ತೊಯ್ದಿರುವದನ್ನು ಕಂಡು ಕರೆದಳು. ನಾನು ಅರ್ಥವಿಲ್ಲದ ಮಾತುಗಳನ್ನು ಆಡಿದೆನಂತೆ. ನುಂಗುವ ಶಕ್ತಿ ಇನ್ನೂ ಇದ್ದದರಿಂದ ಅವಳು ನನ್ನನ್ನು ಎತ್ತಿ ಕೂರಿಸಿ, ಸಕ್ಕರೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿದಳು. ನನಗೆ ಸ್ಮರಣೆ ಬಂದಾಗ ಹಿರೀ ಮಗಳು ಬಾಗಲ ಬಳಿ ನಿಂತು ಅಳುತ್ತಿದ್ದಳು. “ನಿಮ್ಮ ಪುಸ್ತಕದಲ್ಲಿ ಎಲ್ಲಾ ಸರಿಯಾಗಿ ಉಂಟಲ್ಲಾ, ಮತ್ತೆ ಹೀಗೆ ಯಾಕೆ ಆಯಿತು?” ಎಂದು ಹೆಂಡತಿ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ನನ್ನ ಸುಳ್ಳಿನಿಂದ ನನ್ನ ಶರೀರಕ್ಕೆ ಮಾತ್ರ ನಷ್ಟವೆಂಬ ವಾದವು ಆ ರಾತ್ರಿಯಲ್ಲೇ ಮುಗಿಯಿತು.

ಈ ರೋಗದ ಸ್ವಭಾವವನ್ನು ತಿಳಿಯದೆ ಇದರ ವಿಷಯವಾದ ಧರ್ಮವನ್ನು ನಿರ್ಣಯಿಸಲಾಗದು. ನಾವು ಉಂಡ ಅನ್ನವು ಜೀರ್ಣವಾಗಿ ಸಕ್ಕರೆಯಾಗಿ ರಕ್ತದಲ್ಲಿ ಸೇರುತ್ತದೆ. ಆ ಸಕ್ಕರೆಯು ರಕ್ತದಿಂದ ಮಾಂಸಖಂಡಗಳೊಳಗೆ ಹೋಗುವಂತೆ ಬಾಗಲು ತೆರೆಯುವಂಥಾದ್ದು ಇನ್ಸುಲಿನ್. ಅದು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುತ್ತದೆ. ಅದು ಹುಟ್ಟದೆ ಹೋದರೆ, ಇಲ್ಲವೆ ಹುಟ್ಟಿದರೂ ಅದರ ಬಲವು ಸಾಲದೆ ಹೋದರೆ, ಸಕ್ಕರೆಯು ರಕ್ತದಲ್ಲಿಯೇ ನಿಂತು ವರುಷಗಳ ಮೇಲೆ ಕಣ್ಣು, ಮೂತ್ರಪಿಂಡ, ನರಗಳು, ಹೃದಯ ಇವುಗಳನ್ನು ಕೆಡಿಸುತ್ತದೆ. ಇದು ನಮ್ಮ ನಾಲ್ಕು ಮನೆಗಳಿಗೆ ಬಂದ ಅಪರೂಪದ ಶಾಪವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಾಯದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು, ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ರೋಗವುಂಟೆಂದು ಹೇಳಿತು.

ಹಾಗಾದರೆ ಸಕ್ಕರೆಯು ಒಂದೇ ಮಟ್ಟದಲ್ಲಿ ನಿಲ್ಲದೆ ಏರಿಳಿಯುವದು ಯಾಕೆ? ಉಂಡವನ ಲೋಭವೇ ಅದಕ್ಕೆ ಕಾರಣವೆಂದು ಜನರು ಸುಲಭವಾಗಿ ಹೇಳುತ್ತಾರೆ. ಕೆಲವು ಸಾರಿ ಅದು ನಿಜವೇ. ಆದರೆ ಬೇರೆ ಕಾರಣಗಳು ಎಷ್ಟೋ ಉಂಟು. ನೇಜಿ ನಡುವ ಕಾಲದಲ್ಲಿ ದಿನವಿಡೀ ಕೆಸರಿನಲ್ಲಿ ದುಡಿದವನ ಸಕ್ಕರೆಯು ಆ ದಿನ ಮಾತ್ರವಲ್ಲ, ಆ ರಾತ್ರಿಯಲ್ಲಿಯೂ ಇಳಿಯಬಹುದು. ಮಳೆಗಾಲದ ಜ್ವರ, ಕಾಲಿನ ಹುಣ್ಣು, ಹಲ್ಲಿನ ಬಾವು ಇವುಗಳಿಂದ ಅದು ಏರುತ್ತದೆ. ಮದ್ದು ತಕ್ಕೊಂಡು ಊಟ ತಡವಾದರೆ ಇಳಿಯುತ್ತದೆ. ಇನ್ಸುಲಿನನ್ನು ದಿನವೂ ಒಂದೇ ಸ್ಥಳದಲ್ಲಿ ಚುಚ್ಚಿದರೆ ಅಲ್ಲಿ ಚರ್ಮದ ಕೆಳಗೆ ಗಡ್ಡೆಯಂತಾಗಿ, ಮದ್ದು ಒಂದು ದಿನ ರಕ್ತಕ್ಕೆ ಸೇರುವದು, ಒಂದು ದಿನ ಸೇರದು. ಇನ್ಸುಲಿನು ಬಿಸಿಲಿನ ತಾಪದಿಂದಲೂ ಕೆಡುತ್ತದೆ, ಮಂಜುಗಡ್ಡೆಯಾದರೂ ಕೆಡುತ್ತದೆ. ಬೇರೆ ರೋಗಕ್ಕೆ ಕೊಟ್ಟ ಸ್ಟಿರಾಯ್ಡ್ ಮಾತ್ರೆಗಳಿಂದ ಸಕ್ಕರೆ ಏರುತ್ತದೆ. ಮೂತ್ರಪಿಂಡಗಳ ಬಲ ಕುಂದಿದರೆ ಅದೇ ಮದ್ದು ಹೆಚ್ಚು ಹೊತ್ತು ನಿಂತು ಸಕ್ಕರೆಯನ್ನು ತಗ್ಗಿಸುತ್ತದೆ. ಬೆಳಗಿನ ಜಾವದಲ್ಲಿ, ಏನೂ ತಿನ್ನದೆ ಇದ್ದರೂ, ಶರೀರದ ಇತರ ರಸಗಳ ಕಾರ್ಯದಿಂದ ಸಕ್ಕರೆ ತಾನಾಗಿ ಏರುವದುಂಟು.

ಇದಲ್ಲದೆ, ಈ ರೋಗವು ಒಂದೇ ಜಾತಿಯದಲ್ಲ. ಮಕ್ಕಳಲ್ಲಿಯೂ ಯೌವನಸ್ಥರಲ್ಲಿಯೂ ಹೆಚ್ಚಾಗಿ ಕಾಣುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಜಾತಿ ಒಂದು; ಪ್ರಾಯ ಸಂದವರಲ್ಲಿ ಹೆಚ್ಚಾಗಿ ಕಾಣುವದು ಮತ್ತೊಂದು. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಮೇದೋಜೀರಕ ಗ್ರಂಥಿಯೊಳಗೆ ಕಲ್ಲುಗಳು ಕಟ್ಟಿ ಅದರಿಂದ ಹುಟ್ಟುವ ಮಧುಮೇಹವನ್ನು ಸಹ ವೈದ್ಯರು ಕಂಡಿದ್ದಾರೆ; ಅಂಥವರು ಬಡಕಲಾಗಿರುವರು, ಹೊಟ್ಟೆನೋವಿನಿಂದ ಬಳಲುವರು. ಹೀಗಿರುವಲ್ಲಿ ಬಡಕಲಾದ ಒಬ್ಬ ಹುಡುಗನ ಸಕ್ಕರೆ ಏರಿತೆಂದು ಕೇಳಿ, ಅವನು ಕದ್ದು ಮಿಠಾಯಿ ತಿಂದನೆಂದು ತೀರ್ಪು ಮಾಡುವದು ಎಷ್ಟು ಅನ್ಯಾಯ!

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಾವು ಲೆಕ್ಕವನ್ನು ಮರೆಮಾಡುವದು ಯಾಕೆ? ಅಂಕೆಯನ್ನು ನ್ಯಾಯಾಧಿಪತಿಯೆಂದು ಎಣಿಸುವದರಿಂದಲೇ. 110 ಬಂದರೆ ನಾನು ನೀತಿವಂತನು, 260 ಬಂದರೆ ಅಪರಾಧಿ, ಎಂಬ ಭಾವನೆ ಮನಸ್ಸಿನಲ್ಲಿ ಕೂತಿರುತ್ತದೆ. ಇದು ಅಂಧಕಾರದ ಮಾತು. ಅಂಕೆಯು ಸಾಕ್ಷಿ ಮಾತ್ರ. ಆ ಗಳಿಗೆಯಲ್ಲಿ ರಕ್ತದೊಳಗೆ ಸಕ್ಕರೆ ಎಷ್ಟಿತ್ತೆಂದು ಅದು ಹೇಳುತ್ತದೆ. ಮನುಷ್ಯನು ಒಳ್ಳೆಯವನೋ ಕೆಟ್ಟವನೋ ಎಂಬದನ್ನು ಹೇಳುವ ಅಧಿಕಾರವು ಅದಕ್ಕಿಲ್ಲ.

ಹಾಗಾದರೆ ರೋಗಿಗೆ ಜವಾಬ್ದಾರಿಯೇ ಇಲ್ಲವೋ ಎಂದು ಯಾವನಾದರೂ ಕೇಳಿದರೆ, ಉಂಟೆಂದೇ ಉತ್ತರ. ಆದರೆ ಅದು ಎಲ್ಲಿ ಉಂಟೆಂಬದನ್ನು ವಿಂಗಡಿಸಬೇಕು. ಗದ್ದೆಯ ಒಕ್ಕಲಿಗನು ಮಳೆಗೆ ಹೊಣೆಯಲ್ಲ, ಬದುವಿಗೆ ಹೊಣೆ. ಮಳೆ ಹೆಚ್ಚಾಗಿ ಬಂದದ್ದಕ್ಕೆ ಅವನನ್ನು ಬೈಯುವವನು ಮೂಢನು; ಒಡೆದ ಬದುವನ್ನು ಕಂಡೂ ಸುಮ್ಮನಿದ್ದರೆ ಅವನೇ ತಪ್ಪುಗಾರನು. ಅದೇ ಪ್ರಕಾರ ಸಕ್ಕರೆಯ ಪ್ರತಿಯೊಂದು ಏರಿಳಿತವು ನಮ್ಮ ಕೈಯಲ್ಲಿಲ್ಲ. ಹೊತ್ತಿಗೆ ಸರಿಯಾಗಿ ಮದ್ದು ತಕ್ಕೊಳ್ಳುವದು, ಕುಚ್ಚಲಕ್ಕಿ ಅನ್ನವನ್ನು ಅಳತೆಯಿಂದ ಉಣ್ಣುವದು, ಚುಚ್ಚುವ ಸ್ಥಳವನ್ನು ಬದಲಾಯಿಸುವದು, ರಾತ್ರಿ ಪಾದಗಳನ್ನು ನೋಡಿಕೊಳ್ಳುವದು, ಕಂಡದ್ದನ್ನು ಕಂಡ ಹಾಗೆ ಬರೆಯುವದು, ಇವು ನಮ್ಮ ಕೈಯಲ್ಲಿ ಉಂಟು. ನಾನಾದರೋ ನನ್ನ ಕೈಯಲ್ಲಿಲ್ಲದ್ದಕ್ಕೆ ನಾಚಿಕೊಂಡು, ನನ್ನ ಕೈಯಲ್ಲಿದ್ದದ್ದನ್ನು ಕೆಡಿಸಿಕೊಂಡೆನು.

ಕೆಟ್ಟ ಫಲವನ್ನು ಮರೆಮಾಡದೆ ಬರೆದಿಡುವದರಿಂದ ಏನು ಬರುವದೆಂಬದಕ್ಕೆ ಈ ಮದ್ದಿನ ಚರಿತ್ರೆಯೇ ದೃಷ್ಟಾಂತ. ಕೆನಡಾ ದೇಶದ ಟೊರೊಂಟೊ ಪಟ್ಟಣದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು, ಮೆಕ್ಲಾಯ್ಡ್ ಎಂಬ ಪ್ರೊಫೆಸರರ ಪ್ರಯೋಗಶಾಲೆಯಲ್ಲಿ, 1921ರಲ್ಲಿ ಇನ್ಸುಲಿನನ್ನು ಕಂಡುಹಿಡಿದರು. 1922ನೇ ಜನವರಿ 11ರಲ್ಲಿ ಲೆನಾರ್ಡ್ ಥಾಮ್ಸನ್ ಎಂಬ 14 ವರುಷದ ಹುಡುಗನಿಗೆ ಅದನ್ನು ಮೊದಲು ಚುಚ್ಚಿದರು. ಸಕ್ಕರೆ ಸ್ವಲ್ಪ ಮಾತ್ರ ಇಳಿಯಿತು. ಚುಚ್ಚಿದ ಸ್ಥಳದಲ್ಲಿ ಬಾವು ಎದ್ದಿತು. ಅದು ಸೋಲೇ. ತಮ್ಮ ಮಾನಕ್ಕೋಸ್ಕರ ಅವರು ಆ ಅಂಕೆಗಳನ್ನು ತಿದ್ದಿ, ಮದ್ದು ಸಫಲವಾಯಿತೆಂದು ಬರೆದಿದ್ದರೆ ಹುಡುಗನು ಸಾಯುತ್ತಿದ್ದನು. ಅವರು ಹಾಗೆ ಮಾಡದೆ, ಮದ್ದಿನಲ್ಲಿ ಕಲ್ಮಷವುಂಟೆಂದು ಒಪ್ಪಿಕೊಂಡರು. ಕೊಲ್ಲಿಪ್ ಎಂಬ ರಸಾಯನ ಶಾಸ್ತ್ರಜ್ಞನು ಅದನ್ನು ಇನ್ನೂ ಶುದ್ಧಮಾಡಿದನು. ಅದೇ ತಿಂಗಳ 23ರಲ್ಲಿ ಪುನಃ ಚುಚ್ಚಿದಾಗ ಸಕ್ಕರೆಯು ಚೆನ್ನಾಗಿ ಇಳಿಯಿತು. ಹುಡುಗನು ಇನ್ನೂ 13 ವರುಷ ಬದುಕಿದನು. ಕಂಡುಹಿಡಿದವರು ತಮ್ಮ ಹಕ್ಕನ್ನು ಒಂದೊಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಇಂದು ನನ್ನ ಮನೆಯಲ್ಲಿರುವ ಸೀಸೆಯು, ಸೋಲನ್ನು ಸೋಲೆಂದು ಬರೆದಿಟ್ಟವರ ದಾನ.

ಇನ್ನೊಂದು ಆಕ್ಷೇಪವನ್ನು ನಾನು ಮನೆಗಳಲ್ಲಿ ಕೇಳಿದ್ದೇನೆ. “ಉಪದೇಶಿಗಳೇ, ಪ್ರಾರ್ಥನೆ ಮಾಡುವವನು ದೊಡ್ಡ ದೊಡ್ಡ ತಜ್ಞರನ್ನು ಹುಡುಕಿಕೊಂಡು ಹೋಗುವದು ಅವಿಶ್ವಾಸವಲ್ಲವೋ?” ಎಂದು ಬೆಳ್ಮಣ್ಣಿನ ಕಡೆಯ ಒಬ್ಬ ತಾಯಿ ಕೇಳಿದಳು. ಪೌಲನ ಸಂಗಡ ಪ್ರಯಾಣ ಮಾಡಿದ ಲೂಕನು ವೈದ್ಯನಾಗಿದ್ದನೆಂಬದನ್ನು ಆಕೆಗೆ ಜ್ಞಾಪಕಪಡಿಸಿದೆನು. ಇನ್ಸುಲಿನ್ ಕಂಡುಹಿಡಿದವರಿಗೆ ನೊಬೆಲ್ ಬಹುಮಾನವು ಸಿಕ್ಕಿದ 1923ನೇ ವರುಷದಲ್ಲಿಯೇ ಬಾಸೆಲ್ ಮಿಶನಿನ ವೈದ್ಯೆಯಾದ ಇವಾ ಲೊಂಬಾರ್ಡರು ಉಡುಪಿಯಲ್ಲಿ ಮಿಶನ್ ಆಸ್ಪತ್ರೆಯನ್ನು ಆರಂಭಿಸಿದರು. ಅದು ಅವರ ಹೆಸರಿನಿಂದ ಇಂದಿಗೂ ನಡೆಯುತ್ತದೆ. ಪ್ರಾರ್ಥನೆಯೂ ಮದ್ದೂ ಒಂದಕ್ಕೊಂದು ವೈರಿಗಳೆಂದು ನಮ್ಮ ಹಿರಿಯರು ಎಣಿಸಿದ್ದರೆ ಆ ಕಟ್ಟಡವು ಏಳುತ್ತಿರಲಿಲ್ಲ. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಉಡುಪಿಯ ಅಜ್ಜರಕಾಡಿನಲ್ಲಿ ಸರಕಾರದ ಜಿಲ್ಲಾ ಆಸ್ಪತ್ರೆಯುಂಟು. ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆಯುಂಟು. ಇಷ್ಟು ಸಮೀಪದಲ್ಲಿ ಸಹಾಯವಿದ್ದೂ ಬಸ್ಸಿನ ಚಾರ್ಜಿಗೂ ಜನರ ಮಾತಿಗೂ ಅಂಜಿ ಮನೆಯಲ್ಲೇ ಕೂತಿರುವದನ್ನು ವಿಶ್ವಾಸವೆಂದು ಕರೆಯಲಾಗದು.

ಆದರೂ ಪ್ರತಿಯೊಬ್ಬ ರೋಗಿಯು ತಜ್ಞರ ಬಳಿಗೆ ಓಡಬೇಕೆಂದು ನಾನು ಹೇಳುವದಿಲ್ಲ. ಅನೇಕರಿಗೆ ಊರಿನ ವೈದ್ಯರೂ ಪ್ರಾಥಮಿಕ ಆರೋಗ್ಯ ಕೇಂದ್ರವೂ ಸಾಕು. ಮದ್ದನ್ನು ಕ್ರಮವಾಗಿ ತಕ್ಕೊಂಡರೂ ಸಕ್ಕರೆಯು ಪದೇ ಪದೇ 70ಕ್ಕಿಂತ ಕೆಳಗಿಳಿಯುತ್ತಿದ್ದರೆ, ಒಮ್ಮೆಯಾದರೂ ಪ್ರಜ್ಞೆ ತಪ್ಪಿದ್ದರೆ, ಇಳಿದದ್ದು ತನಗೆ ತಿಳಿಯದೆ ಹೋಗುತ್ತಿದ್ದರೆ, ಮಗುವಿಗಾಗಲಿ ಗರ್ಭಿಣಿಗಾಗಲಿ ಈ ರೋಗವಿದ್ದರೆ, ಮೂತ್ರಪಿಂಡವು ಕೆಟ್ಟಿದ್ದರೆ, ಆಗ ತಡಮಾಡದೆ ಊರಿನ ವೈದ್ಯರನ್ನೇ ಕೇಳಿ, ಈ ಗ್ರಂಥಿಗಳ ರೋಗವನ್ನು ವಿಶೇಷವಾಗಿ ಕಲಿತ ಎಂಡೋಕ್ರೈನಾಲಜಿಸ್ಟರಿಗೆ ಅವರಿಂದ ಪತ್ರ ಪಡಕೊಂಡು ಹೋಗತಕ್ಕದ್ದು. ಹೋಗುವಾಗ ಲೆಕ್ಕದ ಪುಸ್ತಕವನ್ನೂ, ನುಂಗುವ ಎಲ್ಲಾ ಮಾತ್ರೆಗಳನ್ನೂ, ನಾಟಿ ಮದ್ದು ಕಷಾಯಗಳಿದ್ದರೆ ಅವುಗಳನ್ನು ಸಹ ತಕ್ಕೊಂಡು ಹೋಗಿರಿ. ಹಣದ ಕಷ್ಟವಿದ್ದರೆ ಅದನ್ನೂ ನಾಚದೆ ಹೇಳಿರಿ; ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಕ್ಕುವ ಮದ್ದುಗಳು ಅನೇಕವುಂಟು.

ನಾನು ಕಡೆಗೆ ಮಣಿಪಾಲದಲ್ಲಿ ಒಬ್ಬ ತಜ್ಞರ ಮುಂದೆ ಕೂತೆನು. ಪುಸ್ತಕವನ್ನು ಮೇಜಿನ ಮೇಲಿಟ್ಟು, “ಡಾಕ್ಟರರೇ, ಇದರಲ್ಲಿ ಬರೆದದ್ದರಲ್ಲಿ ಅರ್ಧವು ಸುಳ್ಳು” ಎಂದು ಹೇಳುವದು, ಪ್ರಸಂಗಪೀಠದಲ್ಲಿ ನಿಲ್ಲುವದಕ್ಕಿಂತ ನನಗೆ ಕಷ್ಟವಾಯಿತು. ಅವರು ಕೋಪಿಸಲಿಲ್ಲ. “ಉಪದೇಶಿಗಳೇ, ಒಳ್ಳೆಯ ಅಂಕೆಗಳಿಂದ ನನಗೆ ಏನೂ ಕೆಲಸವಿಲ್ಲ, ಕೆಟ್ಟವುಗಳನ್ನು ಕೊಡಿರಿ, ದಾರಿ ತೋರಿಸುವದು ಅವೇ” ಎಂದರು. ಅನಂತರ ಅವರು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ನಾನು ಎರಡು ವರುಷ ಒಂದೇ ಕಡೆಯಲ್ಲಿ ಚುಚ್ಚಿದ್ದರಿಂದ ಗಟ್ಟಿಯಾಗಿದ್ದ ಗಡ್ಡೆಯನ್ನು ತೋರಿಸಿದರು. ತೋಳಿಗೆ ಒಂದು ಸಣ್ಣ ಬಿಲ್ಲೆಯನ್ನು ಅಂಟಿಸಿದರು. ಅದು 14 ದಿನಗಳ ವರೆಗೆ ಹಗಲಿರುಳು ಸಕ್ಕರೆಯ ಏರಿಳಿತವನ್ನು ತಾನೇ ಬರೆದುಕೊಳ್ಳುವಂಥಾದ್ದು. ಅದರಲ್ಲಿ ನೋಡಿದಾಗ, ನನ್ನ ಸಕ್ಕರೆಯು ರಾತ್ರಿ ಎರಡು ಮೂರು ಗಂಟೆಗೆ ತಗ್ಗಿ, ಮಧ್ಯಾಹ್ನದ ಮೇಲೆ ಏರುತ್ತಿತ್ತೆಂದು ಸ್ಪಷ್ಟವಾಯಿತು. ಮೂರು ತಿಂಗಳ ಸರಾಸರಿಯೊಂದರಿಂದ ಇದು ತಿಳಿಯದು. ಹೇಗಂದರೆ, ಬೇಸಿಗೆಯಲ್ಲಿ ಬತ್ತಿ ಆಟಿಯ ಮಳೆಗೆ ತುಂಬಿ ಹರಿಯುವ ಬಾವಿಯ ನೀರಿಗೆ ಸರಾಸರಿ ಹಾಕಿದರೆ, ವರುಷವೆಲ್ಲಾ ನೀರಿತ್ತೆಂದು ತೋರುವದು. ಮೇ ತಿಂಗಳಲ್ಲಿ ಕೊಡ ಹಿಡಿದು ನಿಂತವಳಿಗೆ ಮಾತ್ರ ಸತ್ಯವು ಗೊತ್ತು. ಅವರು ಇನ್ಸುಲಿನಿನ ಜಾತಿಯನ್ನೂ ಅಳತೆಯನ್ನೂ ಹೊತ್ತನ್ನೂ ಬದಲಾಯಿಸಿದರು. ಇಂಥಾ ಬದಲಾವಣೆಯನ್ನು ಯಾರೂ ಮತ್ತೊಬ್ಬರ ಚೀಟಿಯನ್ನು ನೋಡಿ ತಾವಾಗಿ ಮಾಡಬಾರದು.

ಇಷ್ಟರ ವರೆಗೆ ರೋಗಿಯ ಕರ್ತವ್ಯವನ್ನು ಹೇಳಿದೆನು. ಸೌಖ್ಯವಾಗಿರುವವರಿಗೂ ಒಂದು ಮಾತು. ರೋಗಿಯು ಸುಳ್ಳು ಹೇಳುವದರಲ್ಲಿ ನಮಗೂ ಪಾಲುಂಟು. ಮನೆಗೆ ಬಂದವನು ಬೇಡವೆಂದರೂ, “ಒಂದು ತುಂಡು ತಿಂದರೆ ಏನೂ ಆಗದು, ನಮ್ಮ ಕೈಯದು ರುಚಿಸದೋ?” ಎಂದು ಒತ್ತಾಯಿಸುವೆವು, ತಿಂದ ಮೇಲೆ ಅವನ ಸಕ್ಕರೆ ಏರಿತೆಂದು ಕೇಳಿದರೆ, ಬಾಯಿಚಪಲದವನು ಎಂದು ಹಿಂದಿನಿಂದ ಆಡುವೆವು. ಹೀಗೆ ಎರಡು ಕಡೆಯಿಂದಲೂ ಹೊಡೆದರೆ ಅವನು ಸತ್ಯವನ್ನು ಯಾರಿಗೆ ಹೇಳಲಿ? ಅತಿಥಿಸತ್ಕಾರವು ನಮ್ಮ ಕರಾವಳಿಯ ಭೂಷಣವೇ ಸರಿ. ಆದರೆ ಬಂದವನ ಜೀವಕ್ಕೆ ಹಿತವಾದದ್ದನ್ನು ಬಡಿಸುವದೇ ಸತ್ಕಾರ. ಹಾಗೆಯೇ ಹೆಣ್ಣು ಮಗಳಿಗೆ ಈ ರೋಗವಿದ್ದರೆ ಮದುವೆಯಾಗದೆಂದು ಹೆದರಿ, ಇನ್ಸುಲಿನನ್ನು ಪೆಟ್ಟಿಗೆಯ ಅಡಿಯಲ್ಲಿ ಅಡಗಿಸುವ ತಂದೆತಾಯಿಗಳುಂಟು. ಆ ಪೆಟ್ಟಿಗೆಯನ್ನು ಮುಚ್ಚಿಸುವಂಥಾದ್ದು ನೆರೆಹೊರೆಯವರ ನಾಲಿಗೆಯೇ.

ಅಪಾಯದ ಗುರುತುಗಳನ್ನು ಪ್ರತಿಯೊಂದು ಮನೆಯವರು ತಿಳಿದಿರಬೇಕು. ರೋಗಿಯು ಫಕ್ಕನೆ ಬೆವರಿ, ನಡುಗಿ, ವಿಪರೀತ ಹಸಿವೆಂದು ಹೇಳಿದರೆ, ಇಲ್ಲವೆ ಕುಡಿದವನಂತೆ ತೊದಲಿದರೆ, ಸಕ್ಕರೆ ಇಳಿದಿರಬಹುದೆಂದು ಎಣಿಸಿ, ಅವನಿಗೆ ನುಂಗುವ ಎಚ್ಚರವಿದ್ದರೆ ಸುಮಾರು 15 ಗ್ರಾಂ, ಅಂದರೆ ಮೂರು ಚಿಕ್ಕ ಚಮಚೆ ತುಂಬ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ಮೇಲೆ ಪುನಃ ಪರೀಕ್ಷಿಸಬೇಕು. ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಉಸಿರು ಕಟ್ಟೀತು. ಪಕ್ಕಕ್ಕೆ ಮಲಗಿಸಿ, 108 ಎಂಬ ಸಂಖ್ಯೆಗೆ ಕರೆಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು. ದಾರಿಯಲ್ಲಿ ತೂರಾಡುವವನನ್ನು ಕಂಡು ಕುಡುಕನೆಂದು ನಕ್ಕು ದಾಟಿಹೋಗುವ ಮೊದಲು ಇದನ್ನು ಜ್ಞಾಪಕಮಾಡಿಕೊಳ್ಳಿರಿ. ಅವನು ನಿಮ್ಮ ಉಪದೇಶಿಯೇ ಆಗಿರಬಹುದು.

ಆ ರಾತ್ರಿ ಹೆಂಡತಿ ಕೇಳಿದ ಪ್ರಶ್ನೆಗೆ ನಾನು ಎಂಟು ದಿನಗಳ ಮೇಲೆ ಉತ್ತರ ಕೊಟ್ಟೆನು. ಮಣಿಪಾಲಕ್ಕೆ ಹೋಗುವ ಮುಂಚಿನ ಸಾಯಂಕಾಲ ಪುಸ್ತಕವನ್ನು ಅವಳ ಮುಂದಿಟ್ಟು, ತಿದ್ದಿದ ಅಂಕೆಗಳನ್ನು ಒಂದೊಂದಾಗಿ ತೋರಿಸಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಡಾಕ್ಟರರಿಗೆ ಹೇಳದಿದ್ದರೆ ಹೋಗಲಿ, ನನಗೆ ಹೇಳಬಹುದಿತ್ತಲ್ಲಾ” ಎಂದಳು. ಆ ಮಾತು ನನ್ನನ್ನು 58ಕ್ಕಿಂತ ಹೆಚ್ಚಾಗಿ ನಡುಗಿಸಿತು. ಅಂದಿನಿಂದ ಪುಸ್ತಕವು ಅಡಿಗೆಮನೆಯ ಗೋಡೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ತೂಗುತ್ತದೆ. ಹೆಚ್ಚಾಗಿ ಅವಳೇ ಬರೆಯುತ್ತಾಳೆ. ಕೆಲವು ದಿನ ಮಗಳು ಬರೆಯುತ್ತಾಳೆ.

ನನ್ನ ಸಕ್ಕರೆಯು ಇಂದಿಗೂ ಒಂದೇ ಸಮನಾಗಿಲ್ಲ. ಈ ತಿಂಗಳಲ್ಲಿಯೂ ಒಂದು 230 ಉಂಟು, ಒಂದು 66 ಉಂಟು. ಈ ರೋಗವು ಪೂರ್ಣವಾಗಿ ಹೋಗುವದೆಂದು ನಾನು ಯಾರಿಗೂ ಮಾತು ಕೊಡಲಾರೆನು. ಆದರೆ ಆ ಎರಡೂ ಪುಸ್ತಕದಲ್ಲಿ ಬರೆದಿವೆ. ಪ್ರಿಯರೇ, ನಿಮ್ಮಲ್ಲಿ ಯಾರಿಗಾದರೂ ಇಂಥಾ ಪುಸ್ತಕವಿದ್ದರೆ, ಇಂದು ರಾತ್ರಿಯೇ ಅದನ್ನು ತೆರೆದು ನೋಡಿರಿ. ತಿದ್ದಿದ ಅಂಕೆ ಒಂದಿದ್ದರೂ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ನಿಜವಾದದ್ದನ್ನು ಬರೆಯಿರಿ. ಬರೆದ ಮೇಲೆ, ನಿಮ್ಮನ್ನು ಪ್ರೀತಿಸುವ ಒಬ್ಬರಿಗಾದರೂ ಅದನ್ನು ತೋರಿಸಿರಿ.